ಫ್ರಾಂಕ್‌ಫರ್ಟಿನಲ್ಲಿ ಕರಗಿದ ಚಾಕಲೇಟು

ನಿಮಗೂ ಹೀಗಾಗಿದೆಯಾ, ಹೇಳಿ. ಅಂಗಡಿಯಲ್ಲಿ ಏನನ್ನೋ ಕೈಗೆತ್ತಿಕೊಂಡಿರುತ್ತೀರಿ, ಬೆಲೆ ನೋಡೋಣ ಅಂತ. ಅದರ ವಾಸನೆ ಮೂಗಿಗೆ ಬಡಿಯುತ್ತದೆ, ಅಷ್ಟೇ. ಹಿಂದೆ ನಿಂತವರು ಎಕ್ಸ್‌ಕ್ಯೂಸ್ ಮೀ ಅಂದರೂ ಕೇಳಿಸುವುದಿಲ್ಲ. ಕಾಲು ಇಲ್ಲೇ, ಮನಸ್ಸು ಮಾತ್ರ ಎಲ್ಲಿಗೋ... ಆಗಿದೆಯಾ?

ನನಗೆ ಹೋದ ಶನಿವಾರ ಆಯಿತು. ಇಲ್ಲೇ ಕೆನಡಾದ ಬೋಲ್ಟನ್ನಿನಲ್ಲಿ, ನಮ್ಮ ಮನೆಯ ಹತ್ತಿರ ಹೊಸದಾಗಿ ತೆರೆದ ಬೇಕರಿಯಲ್ಲಿ. ಮೂಲೆಯಲ್ಲಿ ಕಪ್ಪು ಕಂದು ಬಣ್ಣದ ಬ್ರೆಡ್ಡು ಇತ್ತು, ರೈ ಬ್ರೆಡ್ಡು. ಇಟ್ಟಿಗೆಯಷ್ಟು ಭಾರ. ಎತ್ತಿ ಮೂಸಿದೆ. ಹುಳಿ, ಒಂಚೂರು ಸುಟ್ಟ ವಾಸನೆ, ಜೀರಿಗೆಯಂಥದ್ದೇ ಒಂದು ಘಮ. ನನ್ನ ಕಣ್ಣಲ್ಲಿ ನೀರು. ನಾನು ಬೆಲೆ ನೋಡಿ ಅಳುತ್ತಿದ್ದೇನೆ ಅಂತ ಕೌಂಟರಿನ ಹುಡುಗಿ ಅಂದುಕೊಂಡಿರಬೇಕು. ಬೆಲೆಯೂ ಹಾಗೇ ಇತ್ತು ಬಿಡಿ.

ನೆನಪಾಗಿದ್ದು ಮೇಲಿನ ಮನೆ ಅಕ್ಕ.

ತೊಂಬತ್ತರ ದಶಕದಲ್ಲಿ ನಾನು, ನನ್ನ ಗಂಡ ಬ್ರಾಂಪ್ಟನ್ನಿನಲ್ಲಿ ಒಂದು ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಮೇಲೆ ಮನೆಯೊಡತಿ, ಹುಬ್ಬಳ್ಳಿಯವರು. ಗಂಡ ತೀರಿಕೊಂಡಿದ್ದರು, ಒಬ್ಬನೇ ಮಗ. ಅಕ್ಕನಿಗೆ ಬೋಲ್ಟನ್ನಿನ ವೇರ್‌ಹೌಸೊಂದರಲ್ಲಿ ಪ್ಯಾಕಿಂಗ್ ಕೆಲಸ. ನಾನು ಮೈಸೂರಿನವಳು, ಮೊದಲ ಸಲ ಅವರ ಮಾತು ಕೇಳಿದಾಗ ಬೈಯುತ್ತಿದ್ದಾರೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಪ್ರೀತಿ. ಬೈಯುವಾಗ ಅವರು ಬಹುವಚನ ಬಳಸುತ್ತಿದ್ದರು.

ಭಾನುವಾರ ಬೆಳಗ್ಗೆ ನನ್ನ ತಲೆಯ ಮೇಲಿನ ಸೀಲಿಂಗಿನಿಂದ ತಟ್ ತಟ್ ತಟ್ ಅಂತ ಸದ್ದು. ಅಕ್ಕ ಜೋಳದ ರೊಟ್ಟಿ ಬಡಿಯುತ್ತಿದ್ದರು. ಗುಜರಾತಿ ಅಂಗಡಿಯಿಂದ ಹಿಟ್ಟು ತಂದು, ವಾರಕ್ಕಾಗುವಷ್ಟು ಬಡಿದು, ಒಂದಷ್ಟನ್ನು ಒಣಗಿಸಿ ಕಟಕ್ ಮಾಡಿ ಡಬ್ಬಿಗೆ ಹಾಕುತ್ತಿದ್ದರು. ಹತ್ತು ಗಂಟೆಗೆ ಮೆಟ್ಟಿಲ ತುದಿಯಿಂದ ಕೂಗು ಬರುತ್ತಿತ್ತು. "ಮೈಸೂರಾಕಿ, ಎದ್ದಿಯೇನ್? ಬಾ ಮ್ಯಾಲ. ಆ ಸ್ಪಂಜಿನಂಥ ಬ್ರೆಡ್ ತಿಂದ್ ತಿಂದ್ ನೀನೂ ಸ್ಪಂಜ್ ಆಗ್ತಿ."

ಆಗ ನಮ್ಮ ಕನ್ನಡದವರಲ್ಲಿ ಒಂದು ಪದ್ಧತಿ ಇತ್ತು, ನಿಮ್ಮಲ್ಲಿ ಹಳಬರಿಗೆ ಗೊತ್ತಿರುತ್ತದೆ. ಯಾರ ಅಮ್ಮನೋ ಅತ್ತೆಯೋ ಊರಿಗೆ ಹೊರಟರೆ, ಟಿಕೆಟ್ ತೆಗೆಸುವ ಮೊದಲು ಫೋನಿನ ಮೇಲೆ ಫೋನು. "ನಿಮ್ಮ ಪೈಕಿ ಯಾರಾದ್ರೂ ಹೋಗ್ತಿದ್ದಾರಾ? ಜೊತೆ ಬೇಕಿತ್ತು." ಮುಖ ನೋಡಿರದವರೂ ಸರಿ, ಕನ್ನಡ ಬಂದರೆ ಸಾಕು, ಜೊತೆ. ಒಂದು ಬೇಸಿಗೆಯಲ್ಲಿ ನಾನು ತಂಗಿಯ ಮಗುವಿನ ನಾಮಕರಣಕ್ಕೆ ಹೊರಟಿದ್ದೆ, ಅಕ್ಕ ತಮ್ಮ ಅಣ್ಣನ ಮಗಳ ಮದುವೆಗೆ. ಅವರ ಮಗ ಒಂದೇ ಫ್ಲೈಟಿನಲ್ಲಿ ಇಬ್ಬರಿಗೂ ಟಿಕೆಟ್ ತೆಗೆಸಿದ. ಶನಿವಾರ ಸಂಜೆ ಟೊರಾಂಟೊ, ಭಾನುವಾರ ಬೆಳಗ್ಗೆ ಫ್ರಾಂಕ್‌ಫರ್ಟ್, ಅಲ್ಲಿ ರಾತ್ರಿಯವರೆಗೆ ಕಾಯುವುದು, ಆಮೇಲೆ ಮುಂಬಯಿ. ಅಗ್ಗದ ಟಿಕೆಟಿಗೆ ಅಷ್ಟುದ್ದ ಕಾಯುವಿಕೆ ಫ್ರೀ.

ಏರ್‌ಪೋರ್ಟಿನಲ್ಲಿ ಮಗ ನನ್ನನ್ನು ಪಕ್ಕಕ್ಕೆ ಕರೆದ. "ಆಂಟಿ, ಪ್ಲೀಸ್. ಫ್ರಾಂಕ್‌ಫರ್ಟ್‌ನ್ಯಾಗ ಅವ್ವನ್ನ ಗೇಟ್ ಹತ್ರನ ಕುಂಡ್ರಸ್ರಿ. ಶೀ ವಾಂಡರ್ಸ್ ಆಫ್. ಮಾಲ್‌ನ್ಯಾಗನ ಕಳದ್ ಹೋಗ್ತಾಳ."

ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಆಂಟಿ ಅಂದ. ಅದನ್ನು ನಾನಿನ್ನೂ ಕ್ಷಮಿಸಿಲ್ಲ. ಆದರೂ ಆಯಿತು ಅಂದೆ.

ಅಕ್ಕ ಬಂದದ್ದು ಎರಡು ಕೋಟ್ ಹಾಕಿಕೊಂಡು. ಜುಲೈ ತಿಂಗಳು! ಸೂಟ್‌ಕೇಸ್ ತೂಕ ಮೀರಿತ್ತು, ಅದಕ್ಕೆ ಅಣ್ಣನಿಗೆ ಕ್ಲಿಯರೆನ್ಸಿನಲ್ಲಿ ಕೊಂಡ ಚಳಿ ಕೋಟನ್ನು ಮೈಮೇಲೆ ಏರಿಸಿದ್ದರು, ಅದರ ಮೇಲೆ ಅಳಿಯನಾಗುವವನದ್ದು. ನಗಬೇಡಿ, ನೀವೂ ಹಾಕಿಕೊಂಡಿದ್ದೀರಿ. ಕೈಯಲ್ಲಿ ಒಂದು ಕ್ಯಾಬಿನ್ ಬ್ಯಾಗು, ಜಿಪ್ ಹರಿಯುವಷ್ಟು ತುಂಬಿದ್ದು. ಒಳಗೆ ಬರೀ ಚಾಕಲೇಟು. ಹುಬ್ಬಳ್ಳಿಯ ಒಂದೊಂದು ಮನೆಗೂ ಒಂದೊಂದು ಪ್ಯಾಕೆಟ್ಟು.

ವಿಮಾನದಲ್ಲಿ ಬೆಳಗಿನ ತಿಂಡಿ ಕೊಟ್ಟು ಹೋದ ಮೇಲೆ ಅಕ್ಕ ನನ್ನ ಕಡೆ ವಾಲಿದರು.

"ತಂಗಿ, ಫ್ರಾಂಕ್‌ಫರ್ಟ್ ಬಂದ ಮ್ಯಾಲ ನಾ ಹೊರಗ ಹೋಗ್ತೀನಿ."

"ಬಾತ್‌ರೂಮಿಗಾ ಅಕ್ಕ?"

"ಊರಾಗ."

ನಾನು ಜ್ಯೂಸು ಚೆಲ್ಲಿಕೊಂಡೆ.

ಅವರು ಸೆರಗಿನೊಳಗಿನ ಚೀಲದಿಂದ ಪಾಸ್‌ಪೋರ್ಟ್ ತೆಗೆದರು. ನನ್ನ ಹತ್ತಿರ ಮೊದಲೇ ಇದ್ದಂಥದ್ದೇ ಕೆನಡಾ ಪಾಸ್‌ಪೋರ್ಟ್, ಹೊಸದು. ಇಂಡಿಯಾದ್ದನ್ನು ಬಿಡಲು ಮನಸ್ಸಿಲ್ಲದೆ ವರ್ಷಗಟ್ಟಲೆ ಸಿಟಿಜನ್‌ಶಿಪ್ಪಿಗೆ ಹಾಕದೇ ಇದ್ದವರು ಹಿಂದಿನ ವರ್ಷ ಇದ್ದಕ್ಕಿದ್ದಂತೆ ಹಾಕಿದ್ದರು. ಯಾಕೆ ಅಂತ ಕೇಳಿದಾಗ ಮಗನ ಕಾಟ ಅಂದಿದ್ದರು. ಈಗ ನಿಜ ಹೊರಬಿತ್ತು.

"ಹಳೇ ಪಾಸ್‌ಪೋರ್ಟ್ ಇದ್ದಾಗ ಪ್ರತಿ ಸಲ ಗಾಜಿನ್ಯಾಗಿಂದ ನೋಡ್ತಿದ್ದೆ. ಅಲ್ಲೇ ಟ್ರೇನ್ ಹೋಗ್ತಾವ, ಮಂದಿ ಹೋಗ್ತಾರ, ದೂರ ಗುಡ್ಡ ಕಾಣ್ತಾವ. ಹೊರಗ ಹೋಗಾಕ ವೀಸಾ ಬೇಕಂದ್ರು. ಈಗ ಇದು ತೋರಿಸಿದ್ರ ಸೀದಾ ಬಿಡ್ತಾರಂತ." ಪಾಸ್‌ಪೋರ್ಟ್ ಮುಚ್ಚಿ ನಕ್ಕರು. "ಮಜಾ ನೋಡು. ನಾ ಹುಟ್ಟಿದ ಹುಬ್ಬಳ್ಳಿಗೆ ಹೋಗಾಕ ವೀಸಾ ಬೇಕು. ಗುರ್ತಾ ಪರಿಚಯ ಇಲ್ಲದ ಈ ಊರಿಗೆ ಬ್ಯಾಡ."

"ನಿಮ್ಮ ಮಗ ನನ್ನ ಸಾಯಿಸ್ತಾನೆ ಅಕ್ಕ."

"ಅವಂಗ ಯಾರ್ ಹೇಳ್ತಾರ? ನೀ ಹೇಳ್ತಿಯೇನ್?" ಆಮೇಲೆ ದನಿ ತಗ್ಗಿತು. "ನಾ ಈವತ್ತಿನ ತನಕ ಹೋದದ್ದೆಲ್ಲ ಯಾರದೋ ಬಾಣಂತನಕ್ಕ, ಇಲ್ಲಾ ಮದವಿಗೆ, ಇಲ್ಲಾ ಮಣ್ಣಿಗೆ. ಕೆನಡಾಕ್ಕ ಬಂದದ್ದೂ ಅವರು ಬಂದ್ರು ಅಂತ. ಒಂದ್ ಊರನ್ನ ಸುಮ್ಕ, ನೋಡ್ಲಿಕ್ಕಂತ, ಹೋಗಿಲ್ಲವಾ. ಒಂದ್ ದಿನ. ಅರ್ಧಾ ದಿನ."

ಮಗನಿಗೆ ಕೊಟ್ಟ ಮಾತು ಅಟ್ಲಾಂಟಿಕ್ಕಿನಲ್ಲಿ ಬಿತ್ತು.

ಇಮಿಗ್ರೇಷನ್ನಿನವನು ಅಕ್ಕನ ಎರಡು ಕೋಟುಗಳನ್ನು ನೋಡಿ, ಕಿಟಕಿಯಾಚೆಯ ಬಿಸಿಲನ್ನು ನೋಡಿ, ಪಾಸ್‌ಪೋರ್ಟಿಗೆ ಠಪ್ ಅಂತ ಮುದ್ರೆ ಒತ್ತಿದ. ಬಾಗಿಲು ತೆರೆಯಿತು. ಅಕ್ಕ ದಾಟಿ ಹೋಗಿ ತಿರುಗಿ ನಿಂತು, ಯಾವ ಗಾಜಿನ ಹಿಂದೆ ನಿಲ್ಲುತ್ತಿದ್ದರೋ ಅದು ಎಲ್ಲಿದೆ ಅಂತ ಹುಡುಕಿದರು. ಸಿಗಲಿಲ್ಲ. ಪರವಾಗಿಲ್ಲ ಅನ್ನುವಂತೆ ಕೈ ಬೀಸಿದರು.

ಬ್ಯಾಗು ಲಾಕರಿನಲ್ಲಿ ಇಡೋಣ ಅಂದೆ. ಇಲ್ಲವೇ ಇಲ್ಲ. "ಇಷ್ಟು ಮಂದಿ ಚಾಕಲೇಟ್ ಒಂದ್ ಪೆಟ್ಟಿಗ್ಯಾಗ ಬಿಟ್ಟು ಹೋಗೂದೇನ್? ಯಾರರೆ ಒಯ್ದ್ರ?" ಕೋಟೂ ತೆಗೆಯಲಿಲ್ಲ, ಕೈಯಲ್ಲಿ ಹಿಡಿಯಲು ಜಾಗವಿರಲಿಲ್ಲ. ಹೀಗೆ ನಾವು ಜರ್ಮನಿಯ ದೊಡ್ಡ ಊರಿಗೆ ಪ್ರವಾಸಿಗರಾಗಿ ಹೊರಟೆವು. ಒಬ್ಬರು ಹಿಮಕ್ಕೆ ತಯಾರಾದವರು, ಇನ್ನೊಬ್ಬಳು ಬೆವರುತ್ತ ಚಕ್ರವಿಲ್ಲದ ಬ್ಯಾಗು ಎಳೆಯುವವಳು.

ರೈಲು ಇಳಿದು ಮೇಲೆ ಬಂದರೆ... ಊರು ನಿಶ್ಶಬ್ದ. ಅಂಗಡಿಗಳೆಲ್ಲ ಮುಚ್ಚಿವೆ. ಗಾಜಿನ ಹಿಂದೆ ಗೊಂಬೆಗಳು ಬಟ್ಟೆ ತೊಟ್ಟು ನಿಂತಿವೆ, ಒಳಗೆ ದೀಪವಿಲ್ಲ. ನನಗೆ ಗಾಬರಿ. ಕರ್ಫ್ಯೂ ಏನಾದರೂ? ಅಷ್ಟರಲ್ಲಿ ಚರ್ಚಿನ ಗಂಟೆಗಳು ಶುರುವಾದವು, ಒಂದಾದ ಮೇಲೊಂದು, ಎಲ್ಲ ದಿಕ್ಕಿನಿಂದ. ಆಗ ಹೊಳೆಯಿತು, ಭಾನುವಾರ. ಅಲ್ಲಿ ಭಾನುವಾರ ಅಂಗಡಿ ತೆರೆಯುವುದಿಲ್ಲ.

ನನಗೆ ನಿರಾಸೆ. ಅಕ್ಕನಿಗೆ ನೋಡಬೇಕಿತ್ತು ಖುಷಿ. "ಭಾಳ ಚಲೋ ಆತು! ಯಾರಿಗೂ ಏನೂ ಕೊಳ್ಳಾಂಗಿಲ್ಲ. ಬರೇ ನೋಡೂದು."

ಊರಿಗೆ ಹೋಗುವ ನಮ್ಮ ಹೆಂಗಸರಿಗೆ ಅದೆಷ್ಟು ದೊಡ್ಡ ಮಾತು ಅಂತ ಆಗ ನನಗೆ ಗೊತ್ತಾಗಲಿಲ್ಲ. ಎಲ್ಲಿ ಹೋದರೂ ಕಣ್ಣು ನಮ್ಮದಲ್ಲ, ನಾದಿನಿಗೆ ಯಾವ ಬಣ್ಣ, ಭಾವನಿಗೆ ಯಾವ ಸೈಜು... ಆ ದಿನ ಅಕ್ಕನ ಕಣ್ಣು ಅಕ್ಕನದೇ ಆಗಿತ್ತು. ಹಳೆಯ ಚೌಕದಲ್ಲಿ ಮರದ ಪಟ್ಟಿಗಳನ್ನು ಓರೆಕೋರೆ ಹೊಡೆದ ಮನೆಗಳ ಮುಂದೆ ಸುಮ್ಮನೆ ನಿಂತರು. ಎಷ್ಟು ಹೊತ್ತು ಅಂತ ನಾನು ಎಣಿಸಲಿಲ್ಲ. ಯುದ್ಧದಲ್ಲಿ ಎಲ್ಲ ಸುಟ್ಟು ಹೋಗಿ ಮತ್ತೆ ಕಟ್ಟಿದ್ದು ಅಂತ ಎಲ್ಲೋ ಓದಿದ್ದನ್ನು ಹೇಳಿದೆ. "ಹೌದಾ? ಇದ್ದಂಗ ಕಟ್ಯಾರ?" ಅಂದರು. "ಹಟ ನೋಡು ಮಂದೀದು."

ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದ ನಮ್ಮ ಕಡೆಯ ಒಬ್ಬ ಮನುಷ್ಯ, ಪಂಜಾಬಿ ಇರಬೇಕು, ಸೀರೆ ಕಂಡು ಎದ್ದು ಬಂದ. ಮುಖವೆಲ್ಲ ನಗು. "ನಮಸ್ತೇ ಬೆಹನ್‌ಜೀ! ಕಿಸ್ ಕೇ ಯಹಾಂ ಆಯೀ ಹೈಂ?" ಯಾರ ಮನೆಗೆ ಬಂದಿದ್ದೀರಿ ಅಂತ. ಪರದೇಶದಲ್ಲಿ ನಮ್ಮವರು ಕೇಳುವ ಮೊದಲ ಪ್ರಶ್ನೆ ಅದೇ ತಾನೆ? ಹೆಂಗಸು ಅಂದ ಮೇಲೆ ಯಾರದೋ ಮನೆಗೇ ಬಂದಿರಬೇಕು.

ಅಕ್ಕ ಬ್ರಾಂಪ್ಟನ್ನಿನ ಬಸ್ಸಿನಲ್ಲಿ ಕಲಿತ ಹಿಂದಿಯಲ್ಲಿ, ಎರಡು ಕೋಟುಗಳೊಳಗೆ ನೆಟ್ಟಗೆ ನಿಂತು ಹೇಳಿದರು. "ಕಿಸೀ ಕೇ ಯಹಾಂ ನಹೀ. ಶಹರ್ ದೇಖನೇ ಆಯೀ ಹೂಂ." ಯಾರ ಮನೆಗೂ ಅಲ್ಲ, ಊರು ನೋಡಲು ಬಂದಿದ್ದೇನೆ ಅಂತ.

ಆತನಿಗೆ ಅರ್ಥವಾಗಲಿಲ್ಲ. "ಫಿರ್ ಭೀ... ಬೇಟಾ? ಬೇಟೀ?" ಮಗನ ಮನೆಗಾ, ಮಗಳ ಮನೆಗಾ ಅಂತ.

"ನಹೀ ಭಾಯಿ. ದೇಖನೇ." ನನ್ನತ್ತ ತಿರುಗಿ, ಆತನಿಗೆ ಕೇಳಿಸುವಂತೆಯೇ ಕನ್ನಡದಲ್ಲಿ, "ಇಂವಂಗ ಇನ್ನ ಹೆಂಗ್ ತಿಳಿಸಿ ಹೇಳ್ಲೆವಾ?"

ಅಲ್ಲಿಂದ ನದಿ ಹತ್ತಿರವೇ. ಕಬ್ಬಿಣದ ಕಾಲುಸೇತುವೆ ದಾಟಿದೆವು. ಆಚೆ ದಂಡೆಯಲ್ಲಿ ಸಾಲು ಮರ, ಹುಲ್ಲು, ಬೆಂಚುಗಳು. ಒಂದು ಬೆಂಚಿನಲ್ಲಿ ಬಿಳಿಗೂದಲಿನ ಅಜ್ಜಿ ಒಬ್ಬಳೇ ಕೂತಿದ್ದಳು. ಅಕ್ಕ ಪಕ್ಕದಲ್ಲಿ ಕೂತು, ಕೊನೆಗೂ ಕೋಟು ಕಳಚಿದರು. ಒಂದನ್ನು ಕಳಚಿದಾಗ ಅಜ್ಜಿ ನೋಡಿದಳು. ಅದರ ಕೆಳಗೆ ಇನ್ನೊಂದು ಕಳಚಿದಾಗ ಅಜ್ಜಿಯ ಬಾಯಿ ತೆರೆಯಿತು. ಮೂರನೆಯದೂ ಇದೆಯೇನೋ ಅಂತ ಕಾಯುತ್ತಿದ್ದಳು. ಅಕ್ಕ ಅವಳ ಮುಖ ನೋಡಿ ನಕ್ಕರು, ಅವಳೂ ನಕ್ಕಳು. ಮುಗಿಯಿತು, ಗೆಳೆತನ.

ಅಜ್ಜಿ ತನ್ನ ಬುಟ್ಟಿಯಿಂದ ಕಪ್ಪು ಬ್ರೆಡ್ಡು ತೆಗೆದು ಪುಟ್ಟ ಚಾಕುವಿನಿಂದ ಹೋಳು ಕೊಯ್ದು ನಮ್ಮಿಬ್ಬರಿಗೂ ಕೊಟ್ಟಳು. ಅದೇ ಬ್ರೆಡ್ಡು, ಅದೇ ವಾಸನೆ. ಅಕ್ಕ ಮೂಸಿದರು, ಕಚ್ಚಿದರು, ಬಹಳ ಹೊತ್ತು ಅಗಿದರು. "ಇದು ನೋಡು ಬ್ರೆಡ್! ಇದಕ್ಕ ಹಲ್ಲ ಬೇಕು. ಇದು ನಮ್ಮ ಕಟಕ್ ರೊಟ್ಟಿ ಬೀಗರ ಪೈಕಿ." ಕೈಚೀಲದಿಂದ ತಮ್ಮ ಡಬ್ಬಿ ತೆಗೆದು ಕಟಕ್ ರೊಟ್ಟಿ ಮುರಿದು, ಶೇಂಗಾ ಚಟ್ನಿ ಸವರಿ ಅಜ್ಜಿಯ ಕೈಗಿಟ್ಟರು. "ತಿನ್ನಬೇ. ಖಾರ ಐತಿ, ಸಾವಕಾಶ." ಅಜ್ಜಿ ಜರ್ಮನ್ನಿನಲ್ಲಿ ಏನೋ ಹೇಳಿದಳು. ಅಕ್ಕ ಹೂಂ ಅಂದರು. ಅಜ್ಜಿ ಕೆಮ್ಮಿದಳು, ಕಣ್ಣೊರೆಸಿಕೊಂಡಳು, ಮತ್ತೆ ಕೈಚಾಚಿದಳು.

ಆಮೇಲೆ ಮೂವರೂ ಸುಮ್ಮನೆ ಕೂತೆವು. ದೋಣಿಗಳು ಹೋದವು. ಯಾರೋ ಸೈಕಲ್ಲಿನಲ್ಲಿ ಶಿಳ್ಳೆ ಹಾಕಿಕೊಂಡು ಹೋದರು... ಅಕ್ಕ ಚಪ್ಪಲಿ ಬಿಟ್ಟು ಕಾಲನ್ನು ಹುಲ್ಲಿಗೆ ಊರಿದ್ದರು. ಬಹಳ ಹೊತ್ತಾದ ಮೇಲೆ, ನದಿ ನೋಡುತ್ತಲೇ ಹೇಳಿದರು.

"ಈ ಊರಾಗ ನನಗ ಯಾರೂ ಚಹಾ ಮಾಡು ಅನ್ನಂಗಿಲ್ಲ."

ಅಷ್ಟೇ ಹೇಳಿದ್ದು.

ಹೊತ್ತು ಇಳಿಯುತ್ತಿತ್ತು. ಏಳಿ ಅಂದೆ. ಇನ್ನೊಂಚೂರು ಅಂದರು. ಮತ್ತೆ ಅಂದೆ. ಕೇಳಿಸದವರಂತೆ ಕೂತರು. ನನಗೆ ಸಿಟ್ಟು ಬಂತು. "ಅಕ್ಕಾ, ಫ್ಲೈಟ್ ಮಿಸ್ ಆಗತ್ತೆ! ಮದುವೆ ಇದೆ ನಿಮ್ಮ ಮನೇಲಿ!"

"ಆದ್ರ ಆಗವಲ್ಲದ್ಯಾಕ." ನನ್ನ ಮುಖ ನೋಡಿ ಕರಗಿದರು. "ಇಲ್ಲ ಇಲ್ಲ, ಬಾ. ಅತ್ತಗಿತ್ತೀಯ ಮತ್ತ." ಎದ್ದರು. ಅಜ್ಜಿಯ ಕೈ ಹಿಡಿದು, "ಮುಂದಿನ ಸಲ ವಸ್ತಿ ಇರ್ತೀವಿ" ಅಂದರು, ಅವಳಿಗೆ ತಿಳಿಯುತ್ತದೆ ಅನ್ನುವಂತೆ. ಸೇತುವೆಯ ಮೇಲೆ ನನಗೂ ಹೇಳಿದರು. "ಮುಂದಿನ ಸಲ ಒಂದ್ ರಾತ್ರಿ ಇರೂಣು. ಇದರ ದೀಪಾ ಹಚ್ಚಿದ್ದು ನೋಡಬೇಕು."

ಬ್ಯಾಗಿನ ವಿಷಯ ನೆನಪಾದದ್ದು ಏರ್‌ಪೋರ್ಟಿನ ಸ್ಕ್ಯಾನಿಂಗಿನಲ್ಲಿ. ತೆರೆಯಿರಿ ಅಂದರು. ಬಿಸಿಲಲ್ಲಿ ಇಡೀ ದಿನ ಕೂತ ಚಾಕಲೇಟು ಪ್ಯಾಕೆಟ್ಟುಗಳೊಳಗೇ ನೀರಾಗಿ, ಒಂದಕ್ಕೊಂದು ಅಂಟಿ, ದಿಂಬಿನಂಥ ಒಂದೇ ಮುದ್ದೆ. ನಾನು ತಲೆ ಹಿಡಿದುಕೊಂಡೆ. ಅಕ್ಕ ಬೆರಳಿನಿಂದ ಒತ್ತಿ ನೋಡಿ, ಸೆಕ್ಯುರಿಟಿಯವಳ ಎದುರೇ ಹೊಟ್ಟೆ ಹಿಡಿದು ನಕ್ಕರು. "ಫ್ರಿಜ್ಜಿನ್ಯಾಗಿಟ್ಟು ಒಳಕಲ್ಲಾಗ ಜಜ್ಜಿ ಹಂಚಿದ್ರಾತು. ವಿಮಾನದಾಗ ಹೀಟರ್ ಜಾಸ್ತಿ ಇತ್ತಂತ ಹೇಳೂದು. ನೀನೂ ಹಂಗ ಹೇಳು."

ಹಾಗೇ ಹೇಳಿದೆವು.

ಮುಂದಿನ ಸಲ... ಬರಲಿಲ್ಲ ನೋಡಿ. ಮಗನಿಗೆ ಮದುವೆಯಾಯಿತು, ಓಕ್‌ವಿಲ್ಲಿನಲ್ಲಿ ಮನೆ ಕೊಂಡ. ಅವಳಿ ಮೊಮ್ಮಕ್ಕಳಾದರು, ಅಕ್ಕ ಬೋಲ್ಟನ್ನಿನ ಕೆಲಸ ಬಿಟ್ಟು ಅಲ್ಲಿಗೆ ಹೋದರು. ನಾವು ಬೇಸ್‌ಮೆಂಟ್ ಬಿಟ್ಟು ಈ ಬೋಲ್ಟನ್ನಿಗೇ ಬಂದೆವು. ಊರಿಗೆ ಹೋಗುವ ಮೊದಲು ಅಕ್ಕ ತಪ್ಪದೆ ಫೋನ್ ಮಾಡುತ್ತಿದ್ದರು. "ಈ ಸಲಾನೂ ದುಬೈ ಮ್ಯಾಲೆ ತಗಿಸ್ಯಾನವಾ." ಇನ್ನೊಂದು ಸಲ ಲಂಡನ್. ಒಮ್ಮೆ ಮಾತ್ರ ಫ್ರಾಂಕ್‌ಫರ್ಟ್ ಅಂತ ಕುಣಿದರು, ನೋಡಿದರೆ ನಡುವೆ ಒಂದೂವರೆ ಗಂಟೆ. ಮಗನಿಗೆ ಹೇಳಿ ಅಂದರೆ, "ಏನಂತ ಹೇಳ್ಲಿ? ನಾ ಯಾರ್ ಮನಿಗೂ ಹೋಗೂದಿಲ್ಲ, ಆದ್ರೂ ಅಲ್ಲಿ ಇಳಿಸು ಅಂತ ಹೇಳ್ಲೇನು?" ಅನ್ನುತ್ತಿದ್ದರು. ಆಮೇಲೆ ಮಂಡಿನೋವು. ಆಮೇಲೆ ಹಾರ್ಟು.

ಹೊಸ ಶತಮಾನದ ಮೊದಲ ದಶಕ ಮುಗಿಯುವ ಹೊತ್ತು, ಒಂದು ಫೆಬ್ರವರಿಯಲ್ಲಿ, ಹಿಮ ಸುರಿಯುತ್ತಿದ್ದಾಗ ಅಕ್ಕ ಹೋದರು. ಕಾರ್ಯವೆಲ್ಲ ಮುಗಿದು ಓಕ್‌ವಿಲ್ಲಿನ ಮನೆಯಲ್ಲಿ ಕೂತಿದ್ದೆವು. ಮಗ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದ.

"ಅವ್ವ ಏನೂ ನೋಡ್ಲಿಲ್ಲ ಆಂಟಿ. ಹುಬ್ಬಳ್ಳಿ, ವೇರ್‌ಹೌಸ್, ನನ್ನ ಮಕ್ಕಳು. ದಟ್ಸ್ ಇಟ್. ಯುರೋಪ್ ಟೂರ್ ಕರ್ಕೊಂಡ್ ಹೋಗ್ಬೇಕಂತಿದ್ದೆ. ನೆಕ್ಸ್ಟ್ ಇಯರ್, ನೆಕ್ಸ್ಟ್ ಇಯರ್ ಅಂತ..."

ಯಾರಿಗೂ ಹೇಳಬಾರದು ಅಂತ ಅಕ್ಕ ಅಂದಿದ್ದು ಬದುಕಿದ್ದಾಗಿನ ಮಾತು. ನಾನು ಹೇಳಿಬಿಟ್ಟೆ. ರೈಲು, ಗಂಟೆಗಳು, ಪಂಜಾಬಿ, ಅಜ್ಜಿ, ಹುಲ್ಲಿನ ಮೇಲಿನ ಕಾಲು, ಎಲ್ಲ. ಚಹಾದ ಮಾತನ್ನು ಮಾತ್ರ ನುಂಗಿಕೊಂಡೆ. ಅವನು ಅಲುಗಾಡದೆ ಕೇಳಿದ. ಬೈಯುತ್ತಾನೆ ಅಂದುಕೊಂಡೆ.

"ವೇಟ್," ಅಂದ. "ಆ ಚಾಕಲೇಟ್? ಮಾವ ಇನ್ನೂ ಜೋಕ್ ಮಾಡ್ತಾನ, ನಿಮ್ಮವ್ವ ಕೆನಡಾದಿಂದ ಬೆಲ್ಲದ ಪೆಂಟಿ ತಂದಿದ್ಲು ಅಂತ. ಹೀಟರ್ ಅಂದಿದ್ಲು. ನಾನು ಏರ್‌ಲೈನ್ಸಿಗೆ ಫೋನ್ ಮಾಡಿ ಜಗಳಾಡಿದ್ದೆ ಆಂಟಿ! ಶೀ ವಾಸ್ ಸ್ಟ್ಯಾಂಡಿಂಗ್ ರೈಟ್ ದೇರ್, ಹೂಂ ಹೂಂ, ಜೋರ್ ಬೈಯಿ ಅಂತಿದ್ಲು!"

ಮಾಳಿಗೆಯ ಮೇಲೆ ಮಲಗಿದ್ದ ಮಕ್ಕಳು ಎಚ್ಚರಗೊಳ್ಳುವಷ್ಟು ಜೋರಾಗಿ ನಕ್ಕ. ಆ ನಗು ಎಲ್ಲಿ ಅಳುವಾಯಿತೋ ನನಗೆ ಗೊತ್ತಾಗಲಿಲ್ಲ. ಆಮೇಲೆ ಮೂಗೊರೆಸಿಕೊಂಡು ಒಂದೇ ಮಾತು ಕೇಳಿದ. "ಅಲ್ಲಿ ಖುಷಿ ಇದ್ಲೇನ್ರಿ?"

"ಎದ್ದೇಳಲಿಲ್ಲ ಕಣೋ," ಅಂದೆ. "ಎಬ್ಬಿಸಿದ್ದು ನಾನು."

ಇದೆಲ್ಲ ಬೇಕರಿಯಲ್ಲಿ ನಿಂತು ನೆನಪಾಯಿತು. ಬ್ರೆಡ್ಡು ಕೊಂಡು ತಂದೆ. ಮಗಳು ಒಂದು ತುಣುಕು ತಿಂದು, "ಮಾಮ್, ಇಟ್ಸ್ ಲೈಕ್ ಕಾರ್ಡ್‌ಬೋರ್ಡ್" ಅಂದಳು. ಶೇಂಗಾ ಚಟ್ನಿ ಸವರಿಕೊಂಡು ನಾನೊಬ್ಬಳೇ ತಿಂದೆ. ಹೋದ ವರ್ಷ ಊರಿಗೆ ಹೋಗುವಾಗ ಫ್ರಾಂಕ್‌ಫರ್ಟಿನಲ್ಲಿ ಇಳಿದಿದ್ದೆ. ನಡುವೆ ಎರಡು ಗಂಟೆ ಇತ್ತು, ಹೊರಗೆ ಹೋಗಲಾಗಲಿಲ್ಲ. ಗಾಜಿನ ಹತ್ತಿರ ನಿಂತೆ. ರೈಲು ಹೋಗುತ್ತಿತ್ತು, ಜನ ಹೋಗುತ್ತಿದ್ದರು, ದೂರದಲ್ಲಿ ಗುಡ್ಡ ಇತ್ತು, ಅಕ್ಕ ಹೇಳಿದಂತೆಯೇ. ಆ ಸೇತುವೆಗೆ ದೀಪ ಹಚ್ಚಿದ್ದನ್ನು ನಾನೂ ಇನ್ನೂ ನೋಡಿಲ್ಲ. ಭಾನುವಾರ ಬೆಳಗ್ಗೆ ನನ್ನ ಮನೆಯ ಸೀಲಿಂಗು ಸುಮ್ಮನಿರುತ್ತದೆ...

ನಿಮ್ಮ ಮನೆಯಲ್ಲೂ ಇದ್ದಿರಬೇಕು, ಯಾರದೋ ಬಾಣಂತನ, ಯಾರದೋ ಮದುವೆ ಬಿಟ್ಟರೆ ಎಲ್ಲಿಗೂ ಹೋಗದ ಒಬ್ಬ ಅಮ್ಮ, ಒಬ್ಬ ಅತ್ತೆ, ಒಬ್ಬ ಅಕ್ಕ. ಅವರು ಕದ್ದು ನೋಡಿದ ಊರು ಯಾವುದು? ಇಲ್ಲಾ, ನೋಡಬೇಕು ಅಂತ ಕೊನೆಯವರೆಗೂ ಹೇಳುತ್ತಿದ್ದ ಊರು ಯಾವುದು? ಕೆಳಗೆ ಬರೆಯಿರಿ, ಪುಟ್ಟದಾದರೂ ಸರಿ. ಅವರು ಇನ್ನೂ ಇದ್ದರೆ ಬರೆಯುವುದು ಆಮೇಲಾಗಲಿ. ಮೊದಲು ಎದ್ದು ಹೋಗಿ ಅವರನ್ನೇ ಕೇಳಿ.